ಗಂಟಲಮಾರಿ ಎಂದರು, ರಿಪೋರ್ಟ್‌ನಲ್ಲಿ ಬೇರೆ ಬಂತು. ಔಷಧಿ ಮೊದಲೇ ಕೊಟ್ಟ ಮೇಲೆ ಲ್ಯಾಬ್ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಮೂಡಿಗೆರೆ ಹತ್ತಿರದ ಎಸ್ಟೇಟಿನ ಲೈನ್ ಮನೆಯಲ್ಲಿ (ಕೆಲಸಗಾರರ ಸಾಲುಮನೆಯಲ್ಲಿ) ಏಳು ವರ್ಷದ ಹುಡುಗಿಗೆ ಜ್ವರ, ಗಂಟಲು ನೋವು ಬಂತು. ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಇರಬಹುದು ಎಂದು ಡಾಕ್ಟರ್ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಿಪೋರ್ಟ್‌ಗೆ ಕಾಯದೆ ಔಷಧಿ ಶುರು ಮಾಡಿದರು. ಇತ್ತ ಲೈನಿನವರೆಲ್ಲರ ಗಂಟಲಿನಿಂದ ಸ್ವಾಬ್ ತೆಗೆದು ಮಾತ್ರೆ ಕೊಟ್ಟರು. ಕೊನೆಗೆ ಹುಡುಗಿಯ ರಿಪೋರ್ಟ್‌ನಲ್ಲಿ ಬಂದದ್ದು 'ಗ್ರೂಪ್ ಎ ಸ್ಟ್ರೆಪ್ಟೋಕಾಕಸ್' ಎಂಬ ಬೇರೆ ಬ್ಯಾಕ್ಟೀರಿಯಾ. ಮೊದಲು ಹೇಳಿದ್ದು ಸುಳ್ಳಾ? ಈ ಗ್ರೂಪ್, ಟೈಪ್ ಅಂದರೇನು? ಮೊದಲೇ ಔಷಧಿ ಕೊಡುವುದಾದರೆ ಲ್ಯಾಬ್ ಯಾಕೆ? ಲೈನಿನವರನ್ನು ಅವರ ಊರಿಗೆ ಕಳಿಸಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯಾ?

ನಾನು ಹಾಸನದಲ್ಲಿ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಂಟಲಿನ ಸ್ವಾಬ್ ನಮ್ಮ ಟೇಬಲ್ಲಿಗೆ ಬರುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲಿಗೆ ಆ ಡಾಕ್ಟರ್ ವಿಷಯ. ಅವರು ಮಾಡಿದ್ದು ಸರಿ. ಗಂಟಲಮಾರಿಯಲ್ಲಿ ಪ್ರಾಣ ತೆಗೆಯುವುದು ಬ್ಯಾಕ್ಟೀರಿಯಾ ಅಲ್ಲ, ಅದು ಬಿಡುವ ವಿಷ. ಬ್ಯಾಕ್ಟೀರಿಯಾ ಗಂಟಲಿನಲ್ಲೇ ಕೂತಿರುತ್ತದೆ. ವಿಷ ರಕ್ತಕ್ಕೆ ಸೇರಿ ಹೃದಯಕ್ಕೆ, ನರಗಳಿಗೆ ಹೋಗುತ್ತದೆ. ಜೀವಕೋಶದ ಒಳಗೆ ನುಗ್ಗಿ ಅಲ್ಲಿ ಪ್ರೋಟೀನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಇದಕ್ಕೆ ಕೊಡುವ ಆಂಟಿಟಾಕ್ಸಿನ್ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು. ಕೋಶದ ಒಳಗೆ ಸೇರಿಹೋದದ್ದನ್ನು ಏನೂ ಮಾಡಲಾರದು. ಕುದುರೆಯ ರಕ್ತದಿಂದ ತಯಾರಿಸುವ ಈ ಔಷಧಿಯ ಹಿಂದಿನ ವಿದ್ಯೆ 1890ರದ್ದು. ಬೇರಿಂಗ್ ಮತ್ತು ಕಿಟಾಸಾಟೊ ಕಂಡುಹಿಡಿದದ್ದು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬೇರಿಂಗ್‌ಗೆ ಬಂದದ್ದು ಇದಕ್ಕೇ. ಆದರೆ ಇವತ್ತಿಗೂ ನಿಯಮ ಒಂದೇ: ಅನುಮಾನ ಬಲವಾಗಿದ್ದರೆ ಲ್ಯಾಬಿಗೆ ಕಾಯಬಾರದು. ನಮ್ಮ ಉತ್ತರಕ್ಕೆ ಎರಡು ಮೂರು ದಿನ ಬೇಕು. ಅಷ್ಟು ಸಮಯ ಮಗುವಿಗೆ ಇರುವುದಿಲ್ಲ.

ಇನ್ನು ಅನುಮಾನ ಯಾಕೆ ಬಂತು? ಪುಸ್ತಕದಲ್ಲಿ ಎರಡೂ ಕಾಯಿಲೆಗಳು ಬೇರೆ ಬೇರೆ ಕಾಣುತ್ತವೆ. ಸ್ಟ್ರೆಪ್ಟೋಕಾಕಸ್ ಆದರೆ ಥಟ್ಟನೆ ಜೋರು ಜ್ವರ, ಕೆಂಪಗೆ ಊದಿದ ಗಂಟಲು, ಟಾನ್ಸಿಲ್ ಮೇಲೆ ಕೀವಿನ ಚುಕ್ಕೆ, ಕುತ್ತಿಗೆಯಲ್ಲಿ ಮುಟ್ಟಿದರೆ ನೋಯುವ ಗಂಟು. ಗಂಟಲಮಾರಿಯಲ್ಲಿ ಜ್ವರ ಅಷ್ಟಿರುವುದಿಲ್ಲ, ಆದರೆ ಮಗು ತೀರಾ ಸೋತಿರುತ್ತದೆ. ಬೂದು ಬಣ್ಣದ ಪೊರೆ ಗಂಟಲಿಗೆ ಅಂಟಿಕೊಂಡಿರುತ್ತದೆ. ಕೀಳಲು ಹೋದರೆ ರಕ್ತ ಬರುತ್ತದೆ. ಕೆಲವರಿಗೆ ಕುತ್ತಿಗೆಯೇ ಊದಿಕೊಳ್ಳುತ್ತದೆ. ಮೊದಲ ದಿನ ಅಳುತ್ತಿರುವ ಮಗುವಿನ ಬಾಯಿಯಲ್ಲಿ ಟಾರ್ಚ್ ಬಿಟ್ಟು ನೋಡುವಾಗ ಇದೆಲ್ಲ ಅಷ್ಟು ಸ್ಪಷ್ಟವಾಗಿ ಎಲ್ಲಿ ಕಾಣುತ್ತದೆ ಹೇಳಿ? ಸ್ಟ್ರೆಪ್ಟೋಕಾಕಸ್ ಕೀವು ಒಂದಕ್ಕೊಂದು ಕೂಡಿ ಪೊರೆಯ ಹಾಗೆಯೇ ಕಾಣಬಹುದು. ಏಳು ವರ್ಷದ ಮಗು, ಲಸಿಕೆಯ ಕಾರ್ಡ್ ಕೈಯಲ್ಲಿಲ್ಲ ಎಂದಾದರೆ ನಾನೂ ಗಂಟಲಮಾರಿಯನ್ನೇ ಮೊದಲು ಯೋಚಿಸುತ್ತಿದ್ದೆ.

ಈಗ ನೀವು ಕೇಳದೆ ಬಿಟ್ಟ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ರಿಪೋರ್ಟ್‌ನಲ್ಲಿ ಸ್ಟ್ರೆಪ್ಟೋಕಾಕಸ್ ಬಂದ ಮಾತ್ರಕ್ಕೆ ಗಂಟಲಮಾರಿ ಇಲ್ಲ ಎಂದಾಗುವುದಿಲ್ಲ. ಎರಡೂ ಒಂದೇ ಗಂಟಲಿನಲ್ಲಿ ಇರುವುದುಂಟು. ಸ್ಟ್ರೆಪ್ಟೋಕಾಕಸ್ ರಕ್ತ ಬೆರೆಸಿದ ಅಗರ್ ಪ್ಲೇಟಿನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆಯಲ್ಲಿ, ಮಾರನೇ ದಿನವೇ ಕಾಣುತ್ತದೆ. ಗಂಟಲಮಾರಿಯ ಬ್ಯಾಕ್ಟೀರಿಯಾಗೆ ಬೇರೆಯೇ ಪ್ಲೇಟ್ ಹಾಕಬೇಕು. ಅದಕ್ಕೆ ಟೆಲ್ಯುರೈಟ್ ಎಂಬ ಉಪ್ಪು ಸೇರಿಸಿರುತ್ತಾರೆ. ಗಂಟಲಿನ ಬೇರೆ ಬ್ಯಾಕ್ಟೀರಿಯಾಗಳನ್ನು ಅದು ತಡೆಯುತ್ತದೆ. ಇದು ಮಾತ್ರ ಬೂದು-ಕಪ್ಪು ಚುಕ್ಕೆಗಳಾಗಿ ಬೆಳೆಯುತ್ತದೆ, ಅದೂ 48 ಗಂಟೆ ಹಿಡಿದು. ಸ್ವಾಬಿನ ಜೊತೆ 'ಡಿಫ್ತೀರಿಯಾ ಅನುಮಾನ' ಎಂದು ಬರೆದು ಕಳಿಸದಿದ್ದರೆ ಎಷ್ಟೋ ಲ್ಯಾಬುಗಳಲ್ಲಿ ಆ ಪ್ಲೇಟ್ ಹಾಕುವುದೇ ಇಲ್ಲ. ಆದ್ದರಿಂದ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಸ್ವಾಬ್ ತೆಗೆದದ್ದು ಆಂಟಿಬಯಾಟಿಕ್ ಕೊಡುವ ಮೊದಲೋ, ಆಮೇಲೋ? ಡಿಫ್ತೀರಿಯಾ ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದು ರಿಪೋರ್ಟ್‌ನಲ್ಲಿ ಬೇರೆಯಾಗಿ ಬರೆದಿದೆಯೋ? ಔಷಧಿ ಬಿದ್ದ ಮೇಲೆ ತೆಗೆದ ಸ್ವಾಬಿನಲ್ಲಿ ಏನೂ ಬೆಳೆಯಲಿಲ್ಲ ಎಂದರೆ ಅದನ್ನು ಪೂರ್ತಿ ನಂಬುವ ಹಾಗಿಲ್ಲ.

ಮೈಕ್ರೋಸ್ಕೋಪಿನಲ್ಲಿ ನೋಡಿ ತಕ್ಷಣ ಹೇಳಬಹುದಲ್ಲಾ ಎಂದು ಅನಿಸಬಹುದು. ಆಲ್ಬರ್ಟ್ ಬಣ್ಣ ಹಾಕಿದರೆ ಹಸಿರು ಕಡ್ಡಿಗಳು, ತುದಿಯಲ್ಲಿ ಕಪ್ಪು-ನೀಲಿ ಕಾಳುಗಳು ಕಾಣುತ್ತವೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಆರೋಗ್ಯವಂತರ ಗಂಟಲಿನಲ್ಲೂ ಇದೇ ಕುಟುಂಬದ ನಿರುಪದ್ರವಿಗಳು ಇರುತ್ತವೆ. ಸುಳಿವು ಸಿಗುತ್ತದೆ ಅಷ್ಟೇ, ತೀರ್ಪು ಸಿಗುವುದಿಲ್ಲ.

ಬೆಳೆದದ್ದು ಗಂಟಲಮಾರಿಯ ಬ್ಯಾಕ್ಟೀರಿಯಾವೇ ಎಂದು ಖಚಿತವಾದರೂ ಕೆಲಸ ಮುಗಿಯುವುದಿಲ್ಲ. ಅದರಲ್ಲಿ ಗ್ರಾವಿಸ್, ಮೈಟಿಸ್, ಇಂಟರ್ಮೀಡಿಯಸ್, ಬೆಲ್ಫಾಂಟಿ ಎಂಬ ಬಗೆಗಳಿವೆ. ಯಾವ ಬಗೆ ಎಂಬುದಕ್ಕಿಂತ ವಿಷ ಬಿಡುತ್ತದೋ ಇಲ್ಲವೋ ಎಂಬುದು ದೊಡ್ಡ ಪ್ರಶ್ನೆ. ಎಲ್ಲವೂ ವಿಷ ಬಿಡುವುದಿಲ್ಲ. ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದಕ್ಕೆ ತಗುಲುವ ಒಂದು ವೈರಸ್ ತಂದುಕೊಡುವುದು. ವೈರಸ್ ತಗುಲಿದರೆ ನಿರುಪದ್ರವಿ ಬ್ಯಾಕ್ಟೀರಿಯಾವೂ ವಿಷಕಾರಿ ಆಗಬಹುದು ಎಂದು 1951ರಲ್ಲಿ ಫ್ರೀಮನ್ ಎಂಬ ವಿಜ್ಞಾನಿ ತೋರಿಸಿದರು. ನಾನು ಓದುವ ಕಾಲಕ್ಕೆ ಇದನ್ನು ಕೇಳಿ ನಂಬಲು ಕಷ್ಟವಾಗಿತ್ತು.

ವಿಷ ಇದೆಯೋ ಎಂದು ನೋಡಲು ಮೊದಲೆಲ್ಲ ಗಿನಿ ಹಂದಿಗೆ ಚುಚ್ಚುತ್ತಿದ್ದರು. 1940ರ ದಶಕದ ಕೊನೆಯಲ್ಲಿ ಎಲೆಕ್ ಎಂಬವರು ಸುಲಭದ ದಾರಿ ಕಂಡುಹಿಡಿದರು. ಆಂಟಿಟಾಕ್ಸಿನ್‌ನಲ್ಲಿ ನೆನೆಸಿದ ಕಾಗದದ ಪಟ್ಟಿಯನ್ನು ಅಗರ್ ಪ್ಲೇಟಿನಲ್ಲಿ ಇಡುತ್ತಾರೆ. ಅದಕ್ಕೆ ಅಡ್ಡವಾಗಿ ಬ್ಯಾಕ್ಟೀರಿಯಾವನ್ನು ಗೀಚುತ್ತಾರೆ. ಇತ್ತ ವಿಷ ಹರಡುತ್ತದೆ, ಅತ್ತ ಆಂಟಿಟಾಕ್ಸಿನ್ ಹರಡುತ್ತದೆ. ಎರಡೂ ಸಂಧಿಸಿದ ಕಡೆ ಅಗರ್‌ನಲ್ಲಿ ತೆಳ್ಳನೆಯ ಬಿಳಿ ಗೆರೆ ಮೂಡುತ್ತದೆ. ಈಗ ಪಿಸಿಆರ್ ಇದೆ, ವಿಷದ ಜೀನ್ ಇದೆಯೋ ಎಂದು ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ಆದರೆ ಜೀನ್ ಇದ್ದೂ ವಿಷ ಬಿಡದ ತಳಿಗಳಿವೆ. ಹಾಗಾಗಿ ಎಲೆಕ್ ಪರೀಕ್ಷೆಯನ್ನು ಇನ್ನೂ ಯಾರೂ ಕೈಬಿಟ್ಟಿಲ್ಲ. ಇದನ್ನು ಮಾಡುವುದು ದೊಡ್ಡ ರೆಫರೆನ್ಸ್ ಲ್ಯಾಬುಗಳಲ್ಲಿ. ಜಿಲ್ಲೆಯ ನಮ್ಮಂಥವರ ಕೆಲಸ ಬ್ಯಾಕ್ಟೀರಿಯಾವನ್ನು ಬೆಳೆಸಿ, ಸಾಯದ ಹಾಗೆ ಜೋಪಾನವಾಗಿ ಅಲ್ಲಿಗೆ ಕಳಿಸುವುದು.

ಈಗ ನಿಮ್ಮ ಹುಡುಗಿಯ ರಿಪೋರ್ಟ್. ಸ್ಟ್ರೆಪ್ಟೋಕಾಕಸ್‌ಗಳಲ್ಲಿ ನೂರೆಂಟು ಬಗೆ. ಅವನ್ನು ಮೊದಲು ಸರಿಯಾಗಿ ಗುಂಪು ಮಾಡಿದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ರೆಬೆಕಾ ಲಾನ್ಸ್‌ಫೀಲ್ಡ್, 1933ರಲ್ಲಿ. ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಸಕ್ಕರೆಯಂಥ ಅಂಶವನ್ನು ಆಸಿಡ್‌ನಲ್ಲಿ ಕಾಯಿಸಿ ತೆಗೆದು, ಮೊಲಗಳಲ್ಲಿ ತಯಾರಿಸಿದ ಸೀರಮ್ (ಆಂಟಿಬಾಡಿ ಇರುವ ರಕ್ತದ ತಿಳಿ) ಜೊತೆ ಬೆರೆಸಿ ನೋಡಿದರು. ಯಾವ ಸೀರಮ್ ಜೊತೆ ಗಟ್ಟಿಯಾಯಿತೋ ಅದರ ಮೇಲೆ ಎ, ಬಿ, ಸಿ ಎಂದು ಹೆಸರಿಟ್ಟರು. ಇವತ್ತು ಅದೇ ಪರೀಕ್ಷೆ ಲ್ಯಾಟೆಕ್ಸ್ ಕಿಟ್ ಆಗಿ ಬಂದಿದೆ. ಒಂದು ಹನಿ ಹಾಕಿ ಕಲಕಿದರೆ ನಿಮಿಷದೊಳಗೆ ಕಾಳುಕಾಳಾಗುತ್ತದೆ. ಗಂಟಲು ನೋವಿನ ಮುಖ್ಯ ಅಪರಾಧಿ ಗ್ರೂಪ್ ಎ.

ಕಿಟ್‌ಗೆ ಮೊದಲು ಪ್ಲೇಟ್ ಸರಿ ಇರಬೇಕು. ಗ್ರೂಪ್ ಎ ತನ್ನ ಸುತ್ತ ರಕ್ತವನ್ನು ಪೂರ್ತಿ ಕರಗಿಸಿ ತಿಳಿಯಾದ ಬಳೆ ಮಾಡುತ್ತದೆ. ಅದು ಚೆನ್ನಾಗಿ ಕಾಣುವುದು ಕುರಿ ರಕ್ತದಲ್ಲಿ. ಬಹಳ ಕಡೆ ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿದ ಮನುಷ್ಯರ ರಕ್ತವನ್ನೇ ಹಾಕುತ್ತಾರೆ, ಸುಲಭಕ್ಕೆ ಸಿಗುತ್ತದಲ್ಲಾ. ಅದರಲ್ಲಿ ಆಂಟಿಬಾಡಿ ಇರುತ್ತದೆ, ಕೆಲವೊಮ್ಮೆ ಔಷಧಿಯ ಅಂಶವೂ ಇರುತ್ತದೆ. ಬೆಳೆಯಬೇಕಾದದ್ದು ಬೆಳೆಯುವುದಿಲ್ಲ, ಬಳೆ ಮಸುಕಾಗುತ್ತದೆ. ಕಸಾಯಿ ಅಂಗಡಿಯ ರಕ್ತವೂ ಆಗದು. ಆರೋಗ್ಯವಾದ ಜೀವಂತ ಕುರಿಯಿಂದ ಶುದ್ಧವಾಗಿ ತೆಗೆದು, ಗಾಜಿನ ಮಣಿ ಹಾಕಿದ ಬಾಟಲಿಯಲ್ಲಿ ಹೆಪ್ಪುಗಟ್ಟದ ಹಾಗೆ ಅಲ್ಲಾಡಿಸಬೇಕು. ಹಾಸನದ ಹೆಸರಿನಲ್ಲೇ ಒಂದು ಕುರಿ ತಳಿ ಇರುವ ಜಿಲ್ಲೆ ನಮ್ಮದು. ಇಲ್ಲಿನ ಪ್ರತಿ ಲ್ಯಾಬಿಗೂ ಕುರಿ ರಕ್ತ ಸಿಗುವ ವ್ಯವಸ್ಥೆ ಆಗಬೇಕು ಎಂಬುದು ನನ್ನ ಬಹುದಿನದ ಆಸೆ.

ಗುಂಪು ತಿಳಿದರೆ ಹುಡುಗಿಯ ಚಿಕಿತ್ಸೆಗೆ ಸಾಕು. ಗ್ರೂಪ್ ಎ ಇವತ್ತಿಗೂ ಪೆನ್ಸಿಲಿನ್‌ಗೆ ಬಗ್ಗುತ್ತದೆ. ಇಷ್ಟು ವರ್ಷ ಬಳಸಿದ ಮೇಲೂ ಇದು ಉಳಿದಿರುವುದು ನಮ್ಮ ಪುಣ್ಯ. ಬಾಯಿಗೆ ಕೊಡುವ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಆದರೆ 10 ದಿನ ಪೂರ್ತಿ ಕೊಡಬೇಕು. ಎರಡು ದಿನಕ್ಕೆ ಜ್ವರ ಬಿಡುತ್ತದೆ, ಮಗು ಆಡಲು ಹೋಗುತ್ತದೆ, ಮಾತ್ರೆ ಅಲ್ಲಿಗೇ ನಿಂತುಬಿಡುತ್ತದೆ. ಅದು ಆಗಕೂಡದು. ಕಾರಣ ರುಮ್ಯಾಟಿಕ್ ಜ್ವರ. ಗಂಟಲು ವಾಸಿಯಾದ ಎರಡು ಮೂರು ವಾರಕ್ಕೆ ಒಂದೊಂದೇ ಕೀಲು ಊದುತ್ತದೆ, ಹೃದಯದ ಕವಾಟಗಳು ಹಾಳಾಗುತ್ತವೆ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನ್ಸಿಲಿನ್ ಕೊಟ್ಟರೂ ಇದನ್ನು ತಡೆಯಬಹುದು. ತಡೆಯದಿದ್ದರೆ ಎಷ್ಟೋ ವರ್ಷ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ನೋಯಿಸುವ ಪೆನ್ಸಿಲಿನ್ ಇಂಜೆಕ್ಷನ್. ಕೆಲವರಿಗೆ ಕವಾಟದ ಆಪರೇಷನ್ನೇ ಬೇಕಾಗುತ್ತದೆ. ಕವಾಟ ಕಿರಿದಾಗಿ, ಗರ್ಭಿಣಿಯಾದಾಗ ಉಸಿರಾಡಲು ಒದ್ದಾಡುವ ಹೆಣ್ಣುಮಕ್ಕಳನ್ನು ನೋಡಿದಾಗ, ಚಿಕ್ಕಂದಿನಲ್ಲಿ ಇವರ ಗಂಟಲನ್ನು ಯಾರಾದರೂ ನೋಡಿದ್ದರೆ ಎಂದು ಸಂಕಟವಾಗುತ್ತದೆ. ಇನ್ನೊಂದು ಅಪಾಯ ಮೂತ್ರಪಿಂಡಕ್ಕೆ. ಬೆಳಗ್ಗೆ ಮುಖ ಊದಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಟೈಪ್ ಎನ್ನುವುದು ಗುಂಪಿನ ಒಳಗಿನ ಭೇದ. ಗ್ರೂಪ್ ಎ ಮೈಮೇಲೆ ಎಂ ಎಂಬ ಪ್ರೋಟೀನ್ ಇದೆ. ನಮ್ಮ ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಳ್ಳಲು ಅದೇ ಅದಕ್ಕೆ ಆಸರೆ. ಒಂದು ಟೈಪಿನ ವಿರುದ್ಧ ಬಂದ ಶಕ್ತಿ ಇನ್ನೊಂದು ಟೈಪಿಗೆ ನಡೆಯುವುದಿಲ್ಲ. ಅದಕ್ಕೇ ಕೆಲವು ಮಕ್ಕಳಿಗೆ ಮತ್ತೆ ಮತ್ತೆ ಗಂಟಲು ನೋವು ಬರುತ್ತದೆ. ಮೊದಲು ಟೈಪನ್ನೂ ಸೀರಮ್‌ನಿಂದಲೇ ನೋಡುತ್ತಿದ್ದರು. ಲಂಡನ್ನಿನ ಫ್ರೆಡ್ ಗ್ರಿಫಿತ್ ಗಾಜಿನ ಸ್ಲೈಡಿನ ಮೇಲೆ ಟೈಪ್ ಮಾಡುವ ವಿಧಾನ ತಂದರು. 1941ರಲ್ಲಿ ಬಾಂಬ್ ದಾಳಿಯಲ್ಲಿ ಅವರು ತೀರಿಕೊಂಡರು. ಈಗ ಎಂ ಪ್ರೋಟೀನಿನ ಜೀನ್ ಓದಿ ಟೈಪ್ ಹೇಳುತ್ತಾರೆ, 200ಕ್ಕೂ ಜಾಸ್ತಿ ಟೈಪುಗಳಿವೆ.

ಟೈಪ್ ತಿಳಿದರೆ ಹುಡುಗಿಯ ಮಾತ್ರೆ ಬದಲಾಗುವುದಿಲ್ಲ. ಊರಿಗೆ, ದೇಶಕ್ಕೆ ಅದು ಬೇಕು. ಲೈನಿನಲ್ಲಿ ನಾಲ್ಕು ಮಕ್ಕಳಿಗೆ ಗಂಟಲು ನೋವು ಬಂದರೆ ಒಬ್ಬರಿಂದ ಒಬ್ಬರಿಗೆ ಹರಡಿತೋ, ಬೇರೆ ಬೇರೆ ಕಡೆಯಿಂದ ಬಂತೋ ಎಂದು ಟೈಪ್ ಹೇಳುತ್ತದೆ. 2022ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಗ್ರೂಪ್ ಎ ಮಕ್ಕಳನ್ನು ತೀವ್ರವಾಗಿ ಕಾಡಿದಾಗ ಟೈಪ್ 1 ಮತ್ತು 12 ಮುಂದಿದ್ದವು ಎಂದು ಗೊತ್ತಾದದ್ದು ವರ್ಷವಿಡೀ ಟೈಪ್ ಮಾಡುವ ಅಭ್ಯಾಸ ಅಲ್ಲಿದ್ದುದರಿಂದ. ನಮ್ಮ ದೇಶದಲ್ಲಿ ಹಾಗೆ ಒಂದೆರಡು ಟೈಪ್ ಮೇಲುಗೈ ಪಡೆಯುವುದಿಲ್ಲ, ಹತ್ತಾರು ಟೈಪುಗಳು ಚದುರಿಕೊಂಡಿವೆ. ಅಲ್ಲಿನ ಟೈಪುಗಳನ್ನು ನೋಡಿ ತಯಾರಿಸುವ ಲಸಿಕೆ ಇಲ್ಲಿ ಅಷ್ಟಾಗಿ ಕೆಲಸ ಮಾಡಲಿಕ್ಕಿಲ್ಲ. ಇಲ್ಲಿನ ಟೈಪುಗಳ ಲೆಕ್ಕ ನಾವೇ ಇಡಬೇಕು, ಅಲ್ವಾ? ಲ್ಯಾಬ್ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದು.

ಉಳಿದರ್ಧ ಗಂಟಲಮಾರಿಯದು. 1990ರ ದಶಕದಲ್ಲಿ ಹಳೆಯ ಸೋವಿಯತ್ ದೇಶಗಳಲ್ಲಿ ಅದು ತಿರುಗಿ ಬಂತು. ಸುಮಾರು 1,57,000 ಜನರಿಗೆ ತಗುಲಿತು, 5,000 ಜನ ಸತ್ತರು. ಅವರಲ್ಲಿ ದೊಡ್ಡವರೇ ಬಹಳ. ಬಾಲ್ಯದ ಲಸಿಕೆಯ ಶಕ್ತಿ ಅವರಲ್ಲಿ ಇಳಿದಿತ್ತು, ಮಕ್ಕಳ ಲಸಿಕೆಯೂ ಸಡಿಲವಾಗಿತ್ತು. ಬೇರೆ ಬೇರೆ ದೇಶಗಳಿಂದ ಬಂದ ಬ್ಯಾಕ್ಟೀರಿಯಾಗಳನ್ನು ಹೋಲಿಸಿದಾಗ, ಹತ್ತಿರದ ಸಂಬಂಧವಿರುವ ಒಂದೇ ಗ್ರಾವಿಸ್ ಬಳಗ ಹರಡಿದ್ದು ತಿಳಿಯಿತು. ಭಾರತದಲ್ಲೂ ಈಗ ಗಂಟಲಮಾರಿ ಕೂಸುಗಳಿಗಿಂತ ಐದು ದಾಟಿದವರಲ್ಲಿ ಜಾಸ್ತಿ ಕಾಣುತ್ತದೆ. ಒಂದೂವರೆ ತಿಂಗಳು, ಎರಡೂವರೆ, ಮೂರೂವರೆ ತಿಂಗಳಿನ ಲಸಿಕೆ ಹಾಕಿಸುತ್ತಾರೆ. ಒಂದೂವರೆ ವರ್ಷದ ಸುಮಾರಿಗೆ, ಆಮೇಲೆ ಐದರಿಂದ ಆರು ವರ್ಷದೊಳಗೆ, 10ಕ್ಕೆ, 16ಕ್ಕೆ ಕೊಡುವುದು ತಪ್ಪಿಹೋಗುತ್ತದೆ. ಅಸ್ಸಾಂ, ಜಾರ್ಖಂಡ್‌ನಿಂದ, ನಮ್ಮದೇ ಉತ್ತರ ಕರ್ನಾಟಕದಿಂದ ತೋಟಕ್ಕೆ ಬರುವ ಸಂಸಾರಗಳ ಜೊತೆ ಕಾರ್ಡ್ ಬಂದಿರುವುದಿಲ್ಲ. ಬಂದ ಊರಲ್ಲಿ ಯಾರೂ ಕೇಳುವುದೂ ಇಲ್ಲ.

ಅದಕ್ಕೇ ಅವರನ್ನು ಕಳಿಸಿಬಿಡುವ ಮಾತನ್ನು ದಯವಿಟ್ಟು ತಡೆಯಿರಿ. ಗಂಟಲಮಾರಿ ಇದ್ದದ್ದೇ ಆದರೆ, ರೋಗದ ಚಿಹ್ನೆಯೇ ಇಲ್ಲದವರ ಗಂಟಲಿನಲ್ಲೂ ಅದು ಇರಬಹುದು. ಊರಿಗೆ ಕಳಿಸಿದರೆ ಬಸ್ಸು, ರೈಲು ಹತ್ತಿ ಅದೂ ಹೊರಡುತ್ತದೆ. ಇದ್ದಲ್ಲೇ ಇದ್ದರೆ ಸ್ವಾಬ್, ಮಾತ್ರೆ, ಲಸಿಕೆ ಮೂರೂ ಸಿಗುತ್ತವೆ. ನಿಮಗೆ ಕೊಟ್ಟದ್ದು ಎರಿಥ್ರೋಮೈಸಿನ್ ಆಗಿದ್ದರೆ ಏಳು ದಿನ ಮುಗಿಸಿ, ರಿಪೋರ್ಟ್ ಹೀಗೆ ಬಂತೆಂದು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಒಂದು ಭಾನುವಾರ ಆಶಾ ಕಾರ್ಯಕರ್ತೆಯನ್ನು ಲೈನಿಗೆ ಕರೆಸಿ, ಎಲ್ಲ ಮಕ್ಕಳ ವಯಸ್ಸು ಬರೆಸಿ. ಕಾರ್ಡ್ ಇಲ್ಲದ ಮಗುವಿಗೂ ಅದರ ವಯಸ್ಸಿಗೆ ತಕ್ಕ ಲಸಿಕೆ ಕೊಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ. ಹುಡುಗಿ ಮನೆಗೆ ಬಂದ ಮೇಲೆ ಮೂರು ವಾರ ಅವಳ ಕೀಲು, ಉಸಿರು, ಮೂತ್ರದ ಬಣ್ಣ ಗಮನಿಸುತ್ತಿರಲು ಅವಳ ತಾಯಿಗೆ ಹೇಳಿ. ಅವರಿಗೆ ಕನ್ನಡ ಬರದಿದ್ದರೆ ಅವರ ಭಾಷೆ ಬಲ್ಲ ಯಾರಿಂದಲಾದರೂ ಹೇಳಿಸಿ. ರಿಪೋರ್ಟ್‌ನಲ್ಲಿ ಇನ್ನೇನಾದರೂ ಅರ್ಥವಾಗದಿದ್ದರೆ ಹೆಸರು, ನಂಬರ್ ಮುಚ್ಚಿ ಉಳಿದದ್ದನ್ನು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.