ಸಂಜೆಯಾದರೆ ರಚ್ಚೆ ಹಿಡಿಯುವ ಐದು ವಾರದ ಕೂಸು: ಏನು ಮಾಡಬೇಕು, ಏನು ಬೇಡ

ತಂಗೀ, ಕೈತೋಟದ ಗುಂಪಿನಲ್ಲಿ ಕೂಸಿನ ವಿಷಯ ಕೇಳಿಬಿಟ್ಟೆನಲ್ಲ ಎಂದು ಸಂಕೋಚಪಡಬೇಡಿ. ಇಲ್ಲಿ ಮಕ್ಕಳನ್ನು ಸಾಕಿ ಬೆಳೆಸಿದವರು ಬಹಳ ಮಂದಿ ಇದ್ದೇವೆ. ಆದರೆ ನಿಮಗೆ ಬಂದಿರುವ ಕೆಲವು ಸಲಹೆಗಳನ್ನು ಓದಿ ನನಗೆ ಸುಮ್ಮನಿರಲಾಗಲಿಲ್ಲ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಮಗು ಮಲಗಿದಾಗ ಓದಿಕೊಳ್ಳಿ.

ಮಗು ಹಗಲೆಲ್ಲ ಚೆನ್ನಾಗಿರುತ್ತದೆ, ಸಂಜೆ ಆರಕ್ಕೆ ಹಿಡಿದ ರಚ್ಚೆ ಒಂಬತ್ತಾದರೂ ಬಿಡುವುದಿಲ್ಲ, ಮನೆಯವರು ‘ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಶುರು ಮಾಡು’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಆರೋಗ್ಯವಾಗಿರುವ ಕೂಸುಗಳ ಅಳುವಿಗೂ ಒಂದು ಏರಿಳಿತವಿದೆ. ಹುಟ್ಟಿದ ಎರಡನೇ ವಾರದ ಹೊತ್ತಿಗೆ ಅದು ಹೆಚ್ಚಾಗತೊಡಗುತ್ತದೆ, ಆರನೇ ವಾರದ ಆಸುಪಾಸಿನಲ್ಲಿ ಅತಿ ಜೋರಾಗುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಹೆಚ್ಚಿನ ಮಕ್ಕಳಿಗೆ ಅಳುವಿನ ಹೊತ್ತು ಸಂಜೆಯೇ. ನೀವೀಗ ಆ ಏರಿನ ಕೊನೆಯಲ್ಲಿದ್ದೀರಿ. ಇದು ನಿಮ್ಮ ಹಾಲಿನ ದೋಷವಲ್ಲ, ನೀವು ತಿಂದ ಬದನೆಕಾಯಿಯದೂ ಅಲ್ಲ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಹೀಗೆ ಅಳುವ ಮಗುವಿಗೆ ವೈದ್ಯರು ಕೋಲಿಕ್ ಎನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯ ಮೋರಿಸ್ ವೆಸೆಲ್ ಮತ್ತು ಸಂಗಡಿಗರು 1954ರಲ್ಲಿ ಹಾಕಿಕೊಟ್ಟ ಅಳತೆಯಿದು. ಹೊಟ್ಟೆಯಲ್ಲಿ ಗಾಳಿ ತುಂಬಿ ಅಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅತ್ತು ಅತ್ತು ಗಾಳಿ ನುಂಗಿ ಹೊಟ್ಟೆ ಉಬ್ಬುವುದೂ ಅಷ್ಟೇ ನಿಜ.

ಹಾಲು ಸಾಲುತ್ತದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆ ಎಣಿಸಿ. ದಿನಕ್ಕೆ ಆರು ಬಟ್ಟೆಯಾದರೂ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ತೂಕ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರುತ್ತಿದ್ದರೆ, ಹಾಲು ಸಾಕಾಗುತ್ತಿದೆ ಎಂದೇ ಅರ್ಥ. ಈ ವಯಸ್ಸಿನ ಮಗು ದಿನದ 24 ಗಂಟೆಯಲ್ಲಿ ಎಂಟರಿಂದ ಹನ್ನೆರಡು ಬಾರಿ ಕುಡಿಯುತ್ತದೆ. ಸಂಜೆ ಹೊತ್ತು ಅರ್ಧ ಗಂಟೆಗೊಮ್ಮೆ ಎದೆ ಹುಡುಕಿದರೂ ಅದು ಸಹಜವೇ. ಗಡಿಯಾರ ನೋಡಬೇಡಿ. ತುಟಿ ಚಪ್ಪರಿಸುವಾಗ, ಮುಷ್ಟಿ ಬಾಯಿಗಿಡುವಾಗ, ಕತ್ತು ಹೊರಳಿಸಿ ಬಾಯಿ ತೆರೆಯುವಾಗಲೇ ಎದೆಗೆ ಹಾಕಿಕೊಳ್ಳಿ. ಕಿರುಚುವ ಹಂತಕ್ಕೆ ಹೋದ ಮೇಲೆ ಅದಕ್ಕೆ ಮೊಲೆ ಸರಿಯಾಗಿ ಹಿಡಿಯಲು ಬರುವುದಿಲ್ಲ. ಡಬ್ಬಿ ಹಾಲು ಶುರು ಮಾಡಿದರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಆಗ ನಿಜವಾಗಿಯೂ ಹಾಲು ಇಳಿಯುತ್ತದೆ. ಇನ್ನೊಂದು ಮಾತು: ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅದನ್ನು ಒಪ್ಪಿಕೊಳ್ಳಬೇಡಿ. ಬಾಯಾರಿದಷ್ಟೂ ಕುಡಿಯಿರಿ.

ಈಗ ಅಳು ಶುರುವಾದಾಗ ಮಾಡಬೇಕಾದದ್ದು. ಮೊದಲು ಬಟ್ಟೆಯೆಲ್ಲ ಬಿಚ್ಚಿ ಬೆಳಕಿನಲ್ಲಿ ನೋಡಿ. ಉಡಿದಾರವೋ ಕರಿಮಣಿಯೋ ಬಿಗಿಯಾಗಿದೆಯೇ? ತೊಡೆಸಂದಿಯಲ್ಲಿ ಗಂಟಿನಂತಹ ಊತವಿದೆಯೇ? ಕೈ ಕಾಲುಗಳ ಬೆರಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಹೆರಿಗೆಯ ನಂತರ ತಾಯಿಯ ಕೂದಲು ಉದುರುವುದು ಹೆಚ್ಚು. ಒಂದೇ ಒಂದು ಎಳೆ ಕಾಲುಂಗುಷ್ಠಕ್ಕೆ ಸುತ್ತಿಕೊಂಡು, ಚರ್ಮದೊಳಗೆ ಇಳಿದು, ಬೆರಳು ಕೆಂಪಗೆ ಊದಿರುವುದನ್ನು ಕಂಡಿದ್ದೇನೆ. ಬಿಡಿಸಲು ಬಾರದಿದ್ದರೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೆಕೆಯಾಗಿದೆಯೇ ಎಂದು ತಿಳಿಯಲು ಅಂಗೈ ಅಂಗಾಲು ಮುಟ್ಟಬೇಡಿ, ಅವು ತಣ್ಣಗಿರುವುದೇ ಹೆಚ್ಚು. ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಟೋಪಿ, ಉಣ್ಣೆ ಬಟ್ಟೆ ತೆಗೆಯಿರಿ. ನಮ್ಮ ಬಾಣಂತಿ ಕೋಣೆಗಳಲ್ಲಿ ಚಳಿಗಿಂತ ಸೆಕೆಗೆ ಅಳುವ ಮಕ್ಕಳೇ ಜಾಸ್ತಿ ಎಂಬುದು ನನ್ನ ಅನುಭವ.

ಇಷ್ಟೂ ಸರಿಯಿದ್ದರೆ ಎತ್ತಿಕೊಳ್ಳಿ. ‘ಎತ್ತಿ ಎತ್ತಿ ರೂಢಿ ಮಾಡಬೇಡ’ ಎನ್ನುವವರ ಮಾತು ಈ ವಯಸ್ಸಿಗೆ ಸಲ್ಲದು. ಕೆನಡಾದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಳದಿರುವಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳು ಆರನೇ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತಿದ್ದವು. ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಹೇಳಿದ ಕ್ರಮ ನನಗೆ ಬಹಳ ಹಿಡಿಸಿದೆ: ಮಗುವನ್ನು ಎದೆಗವಚಿಕೊಂಡು ಐದು ನಿಮಿಷ ನಿಲ್ಲದೆ ಒಂದೇ ಹದದಲ್ಲಿ ನಡೆಯುವುದು, ನಿದ್ದೆ ಹತ್ತಿದ ಮೇಲೆ ತೊಟ್ಟಿಲಿಗೆ ಹಾಕುವ ಅವಸರ ಬಿಟ್ಟು ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತಿರುವುದು, ಆಮೇಲೆ ಮಲಗಿಸುವುದು. ಮಲಗಿಸಿದ ಕೂಡಲೇ ಎದ್ದುಬಿಡುವ ಮಕ್ಕಳಿಗೆ ಆ ಕುಳಿತಿರುವ ಹೊತ್ತೇ ಮುಖ್ಯ.

ಇನ್ನೊಂದು ಹಿಡಿತ ಗಂಡಸರ ಉದ್ದನೆಯ ಕೈಗೆ ಚೆನ್ನಾಗಿ ಒಗ್ಗುತ್ತದೆ. ಮಗುವನ್ನು ಹೊಟ್ಟೆ ಕೆಳಗಾಗಿ ಮುಂಗೈ ಮೇಲೆ ಮಲಗಿಸಿಕೊಳ್ಳಿ; ಕೆನ್ನೆ ಮೊಣಕೈ ಮಡಿಕೆಯಲ್ಲಿ, ಮೂಗು ಹೊರಕ್ಕೆ, ಕಾಲುಗಳು ಎರಡೂ ಬದಿಗೆ ಇಳಿಬಿದ್ದಿರಲಿ, ಅಂಗೈ ತೊಡೆಗಳ ನಡುವೆ ಭದ್ರವಾಗಿ ಹಿಡಿದಿರಲಿ. ಇನ್ನೊಂದು ಕೈಯಿಂದ ಬೆನ್ನು ಸವರುತ್ತ ಅಂಗಳದಲ್ಲಿ ಓಡಾಡಲು ನಿಮ್ಮ ಯಜಮಾನರಿಗೆ ಹೇಳಿ. ಎಚ್ಚರವಿರುವಾಗ ಮಾತ್ರ ಹೀಗೆ. ಮಲಗಿಸುವಾಗ ಯಾವಾಗಲೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ. ಜೋಲಿಯಲ್ಲಿ ತೂಗಿ ಸಮಾಧಾನ ಮಾಡಿ, ಆದರೆ ಗದ್ದ ಎದೆಗೆ ಒತ್ತುವಂತೆ ಮುದುಡಿದ್ದರೆ ಉಸಿರಿಗೆ ತೊಂದರೆ. ರಾತ್ರಿಯಿಡೀ ಜೋಲಿ ಬೇಡ. ಬಟ್ಟೆಯಲ್ಲಿ ಸುತ್ತುವುದಾದರೆ ಕೈಗಳಿಗೆ ಹಿತವಾದ ಬಿಗಿ ಸಾಕು. ಸೊಂಟದಿಂದ ಕೆಳಗೆ ಸಡಿಲವಿರಲಿ, ಕಾಲು ನೇರ ಎಳೆದು ಕಟ್ಟಿದರೆ ಸೊಂಟದ ಕೀಲಿಗೆ ಪೆಟ್ಟು.

ಸಂಜೆ ಟಿವಿ ನಿಲ್ಲಿಸಿ, ದೀಪ ತಗ್ಗಿಸಿ, ಮಗು ನೋಡಲು ಬರುವ ನೆಂಟರನ್ನು ಬೆಳಿಗ್ಗೆಗೆ ಕರೆಯಿರಿ. ಫ್ಯಾನಿನ ಸದ್ದು, ಕಿವಿಯ ಬಳಿ ಎಳೆದೆಳೆದು ‘ಶ್‌’ ಎನ್ನುವುದು, ಒಂದೇ ರಾಗದ ಜೋಗುಳ, ಯಾವುದಾದರೂ ಆದೀತು. ದೃಷ್ಟಿ ತೆಗೆಯುವುದು ಮನೆಯ ಹಿರಿಯರಿಗೆ ಸಮಾಧಾನವೆಂದರೆ ತೆಗೆಯಲಿ, ಆದರೆ ಮೆಣಸಿನಕಾಯಿ ಸುಡುವುದು ಮಗುವಿನ ಕೋಣೆಯಿಂದ ದೂರ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯನ್ನು ಪೂರ್ತಿ ಬಿಡಿ.

ಇನ್ನು ಬಾಯಿಗೆ ಹಾಕುವ ವಸ್ತುಗಳು. ಇಲ್ಲಿ ನಾನು ಖಡಾಖಂಡಿತ. ನಮ್ಮಲ್ಲಿ ಹಲವರ ಕುಂಡದಲ್ಲಿ ಬಜೆ ಇದೆ, ನನ್ನಲ್ಲೂ ಇದೆ. ತೋಟದ್ದು, ಔಷಧಿ ಹೊಡೆಯದ್ದು ಎಂದ ಮಾತ್ರಕ್ಕೆ ಕೂಸಿಗೆ ತೇಯ್ದು ನೆಕ್ಕಿಸಬಹುದು ಎಂದಲ್ಲ. ಬಜೆಯಲ್ಲಿ ಬೀಟಾ-ಅಸರೋನ್ ಎಂಬ ವಿಷಕಾರಿ ಅಂಶವಿದೆ. ಅಮೆರಿಕದಲ್ಲಿ 1968ರಿಂದ ಆಹಾರದಲ್ಲಿ ಅದರ ಬಳಕೆಗೆ ನಿಷೇಧವಿದೆ. ಸಾಣೆಕಲ್ಲಿನ ಕೊಳೆ ಬೇರೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಹನಿಯೂ ಬೇಡ, ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಎಳೆಗರುಳಿನಲ್ಲಿ ಬೆಳೆದು ಸ್ನಾಯುಗಳ ಶಕ್ತಿಯನ್ನೇ ಕುಗ್ಗಿಸುತ್ತದೆ. ಮೊಮ್ಮಗನಿಗೆ ತಂದು ಉಳಿದ ಡ್ರಾಪ್ಸ್ ಕೊಡಿ ಎಂದ ಅಕ್ಕನವರೇ, ಬೇಸರಪಡಬೇಡಿ, ಆ ಸೀಸೆಯ ಮೇಲೆ ಡೈಸೈಕ್ಲೋಮಿನ್ ಎಂದಿದೆಯೇ ನೋಡಿ. ಆರು ತಿಂಗಳೊಳಗಿನ ಮಗುವಿಗೆ ಅದು ಸಲ್ಲದು, ಉಸಿರು ನಿಂತ ಪ್ರಕರಣಗಳಿವೆ. ಗ್ರೈಪ್ ವಾಟರಿನಿಂದ ಅಳು ಕಡಿಮೆಯಾಗುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆಯಿಲ್ಲ. ಆರು ತಿಂಗಳು ಎದೆಹಾಲು, ವೈದ್ಯರು ಬರೆದುಕೊಟ್ಟ ಔಷಧಿ, ಇವೆರಡೇ.

ಕೆಲವು ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬಾರದು: 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಮೈ ತಣ್ಣಗಾಗುವುದು, ಹಾಲು ಕುಡಿಯದಿರುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ನೆತ್ತಿ ಉಬ್ಬುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಟ, ಎದೆಗೂಡು ಒಳಸೇದುವುದು, ಎಂದಿನಂತಿಲ್ಲದ ಕೀರಲು ಅಥವಾ ತೀರಾ ಕ್ಷೀಣ ಅಳು.

ನೀವು ಕೊನೆಗೆ ಬರೆದ ಸಾಲು ನನಗೆ ಕಾಡುತ್ತಿದೆ, ‘ಒಮ್ಮೊಮ್ಮೆ ಮಗುವನ್ನು ಎಸೆದುಬಿಡೋಣ ಎನ್ನುವಷ್ಟು ಸಿಟ್ಟು ಬರುತ್ತದೆ’ ಎಂದಿರಿ. ಹೇಳಿಕೊಂಡದ್ದು ಒಳ್ಳೆಯದಾಯಿತು. ನಿದ್ದೆಗೆಟ್ಟ ತಾಯಂದಿರಿಗೆ ಹೀಗಾಗುತ್ತದೆ. ಆ ಗಳಿಗೆ ಬಂದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಇನ್ನೊಬ್ಬರನ್ನು ಕರೆದು, ಐದು ಹತ್ತು ನಿಮಿಷ ಹೊರಗೆ ಬನ್ನಿ. ಅಷ್ಟು ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ; ಸಿಟ್ಟಿನಲ್ಲಿ ಒಮ್ಮೆ ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಸಂಜೆ ಏಳರಿಂದ ಎಂಟು ನಿಮ್ಮ ತಾಯಿಯದೋ ಯಜಮಾನರದೋ ಪಾಳಿ ಎಂದು ಇಂದೇ ಗೊತ್ತುಮಾಡಿ. ಅಳು, ಬೇಸರ, ಮಗುವಿನ ಮೇಲೆ ಮನಸ್ಸೇ ಇಲ್ಲ ಎನ್ನುವ ಭಾವ ಎರಡು ವಾರ ಬಿಡದಿದ್ದರೆ ವೈದ್ಯರಿಗೆ ಹೇಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಭಯ ಬಂದರೆ ಒಬ್ಬರೇ ಇರಬೇಡಿ, ಮನೆಯವರಿಗೆ ತಿಳಿಸಿ ಆಗಲೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

42ನೇ ದಿನಕ್ಕೆ ಆಶಾ ಕಾರ್ಯಕರ್ತೆಯ ಭೇಟಿ ಇರುತ್ತದೆ, ಆರನೇ ವಾರದ ಲಸಿಕೆಯೂ ಅದೇ ಹೊತ್ತಿಗೆ. ಅಂದು ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಲಸಿಕೆಯ ಸಂಜೆ ಅಳು ಇನ್ನಷ್ಟು ಇರಬಹುದು, ಜ್ವರಕ್ಕೆ ಎಷ್ಟು ಹನಿ ಎಂದು ಅಲ್ಲಿಯೇ ಕೇಳಿ ಬನ್ನಿ. ಅಲ್ಲಿಯವರೆಗೆ ದಿನದ ಒದ್ದೆ ಬಟ್ಟೆಯ ಲೆಕ್ಕ ಮತ್ತು ಹುಟ್ಟಿದಾಗಿನ ತೂಕ ಇಲ್ಲಿ ಬರೆಯಿರಿ, ನಾನು ನೋಡಿ ಹೇಳುತ್ತೇನೆ.