ಕಂಬಿ ಮೇಲೋ ಕೆಳಗೋ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಓದುತ್ತಿದ್ದೇನೆ. ಮಾಮೂಲಿ ಬೀಮ್‌ನಲ್ಲಿ ಮುಖ್ಯ ಕಂಬಿ ಕೆಳಗಿರುತ್ತದೆ, ಬಾಲ್ಕನಿ ಸ್ಲ್ಯಾಬ್‌ನಲ್ಲಿ ಮೇಲಿರುತ್ತದೆ. ಬಾಯಿಪಾಠ ಆಗಿದೆ, ಆದರೆ ಕಾರಣ ತಲೆಗೆ ಹೋಗುತ್ತಿಲ್ಲ.

ಉತ್ತರ: ಬಾಯಿಪಾಠ ಬಿಡಿ, ಪೆನ್ಸಿಲ್ ತಗೊಳ್ಳಿ. ಎರಡೂ ತುದಿಗೆ ಆಧಾರ ಇರುವ ಬೀಮ್ ಭಾರ ಬಿದ್ದಾಗ ಹೇಗೆ ಬಾಗುತ್ತದೆ ಅಂತ ಸ್ವಲ್ಪ ಜಾಸ್ತಿಯೇ ಬಗ್ಗಿಸಿ ಬರೆಯಿರಿ. ನಡು ಕೆಳಕ್ಕೆ ಜಗ್ಗುತ್ತದೆ, ಅಲ್ವಾ? ಆಗ ಮೇಲಿನ ಅಂಚು ಒತ್ತಿಕೊಳ್ಳುತ್ತದೆ, ಕೆಳಗಿನ ಅಂಚು ಹಿಗ್ಗುತ್ತದೆ. ಕಾಂಕ್ರೀಟಿಗೆ ಒತ್ತಿದರೆ ಭಯವಿಲ್ಲ, ಎಳೆದರೆ ತಡೆಯುವುದಿಲ್ಲ. ಚದರ ಮಿ.ಮೀ.ಗೆ 25 ನ್ಯೂಟನ್ ಒತ್ತಡ ತಾಳುವ ಕಾಂಕ್ರೀಟ್ ಎಳೆತಕ್ಕೆ 2–3 ನ್ಯೂಟನ್‌ಗೇ ಬಿರುಕು ಬಿಡುತ್ತದೆ. ಅದಕ್ಕೇ ಹಿಗ್ಗುವ ಕಡೆ ಕಂಬಿ.

ಈಗ ಬಾಲ್ಕನಿ ಬರೆಯಿರಿ. ಒಂದು ತುದಿ ಮಾತ್ರ ಹಿಡಿದಿದೆ, ಇನ್ನೊಂದು ಗಾಳಿಯಲ್ಲಿದೆ. ಆ ತುದಿ ಕೆಳಗೆ ಬಾಗಿದರೆ ಹಿಗ್ಗುವುದು ಮೇಲ್ಭಾಗ, ಅದೂ ಗೋಡೆಯ ಹತ್ತಿರ ಎಲ್ಲಕ್ಕಿಂತ ಜಾಸ್ತಿ. ಕಂಬಿ ಮೇಲೆ ಬಂತು, ಅಷ್ಟೇ.

ಆದರೆ ಡ್ರಾಯಿಂಗ್‌ನಲ್ಲಿ ಮೇಲಿದ್ದದ್ದು ಸೈಟಿನಲ್ಲೂ ಮೇಲೇ ಉಳಿಯಬೇಕಲ್ಲ. 120 ಮಿ.ಮೀ. ದಪ್ಪದ ಸ್ಲ್ಯಾಬ್ ಅಂದುಕೊಳ್ಳಿ, ಕಂಬಿಯ ನಡು ಮೇಲಿನಿಂದ 25 ಮಿ.ಮೀ. ಕೆಳಗಿದೆ. ಅಂದರೆ ಕೆಲಸಕ್ಕೆ ಬರುವ ಆಳ, ಕಂಬಿಯಿಂದ ಒತ್ತಿಕೊಳ್ಳುವ ಕೆಳ ಅಂಚಿನವರೆಗೆ, 95 ಮಿ.ಮೀ. ಕಾಂಕ್ರೀಟ್ ಹಾಕುವಾಗ ಯಾರೋ ಕಂಬಿ ಮೇಲೆ ಕಾಲಿಟ್ಟು ಓಡಾಡಿ ಅದು 40 ಮಿ.ಮೀ. ಕುಸಿದರೆ ಉಳಿಯುವುದು 55. ಕಂಬಿ ಒಂದು ಕೆ.ಜಿ.ಯೂ ಕಮ್ಮಿಯಾಗಿಲ್ಲ, ಬಲ ಮಾತ್ರ ಶೇ. 40ಕ್ಕಿಂತ ಜಾಸ್ತಿಯೇ ಹೋಯಿತು! ಹಾಗಾಗಿ ಕಂಬಿಯ ಕೆಳಗೆ ಗಟ್ಟಿ ಚೇರ್ (ಕಂಬಿಯನ್ನು ಮೇಲೆತ್ತಿ ಹಿಡಿಯುವ ಆಧಾರ) ಇದೆಯಾ, ಕಂಬಿ ಒಳಗಿನ ಸ್ಲ್ಯಾಬ್‌ಗೆ ಸಾಕಷ್ಟು ದೂರ ಹೋಗಿದೆಯಾ, ಇವೆರಡನ್ನೂ ಕಾಂಕ್ರೀಟ್ ಬೀಳುವ ಮುಂಚೆಯೇ ಬಗ್ಗಿ ನೋಡಿ, ಆಮೇಲೆ ನೋಡೋಕೆ ಏನೂ ಕಾಣಿಸುವುದಿಲ್ಲ.

ಪ್ರಶ್ನೆ: ಬೀಮ್ ಗಟ್ಟಿಯಾಗಬೇಕಾದರೆ ಅಗಲ ಹೆಚ್ಚಿಸಬೇಕಾ, ಆಳ ಹೆಚ್ಚಿಸಬೇಕಾ?

ಉತ್ತರ: ಜಾಗ ಇದ್ದರೆ ಆಳ, ಅಂದರೆ ಮೇಲಿನಿಂದ ಕೆಳಗಿನ ಅಳತೆ. ಸ್ಟೀಲ್ ಸ್ಕೇಲನ್ನು ಮಲಗಿಸಿ ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸೋಕೆ ನೋಡಿ. ಅಗಲ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಗುಣವೂ ಎರಡೇ ಪಟ್ಟು. ಆಳ ಎರಡು ಪಟ್ಟಾದರೆ ಎಂಟು ಪಟ್ಟು. ಮುರಿಯದೆ ಭಾರ ತಾಳುವ ಬಲ ನಾಲ್ಕು ಪಟ್ಟು ಅಂತ ಪುಸ್ತಕದಲ್ಲಿರುತ್ತದೆ, ಅದು ಮರ, ಉಕ್ಕಿನಂಥ ಒಂದೇ ವಸ್ತುವಿನ ಬೀಮ್‌ಗೆ. ಆರ್‌ಸಿಸಿಯಲ್ಲಿ (ಕಂಬಿ ಹಾಕಿದ ಕಾಂಕ್ರೀಟ್) ಅಷ್ಟೇ ಕಂಬಿ ಇಟ್ಟು ಸುಮ್ನೆ ಆಳ ಮಾತ್ರ ದುಪ್ಪಟ್ಟು ಮಾಡಿದರೆ ಬಲ ಸುಮಾರು ದುಪ್ಪಟ್ಟಾಗುತ್ತದೆ, ಯಾಕೆಂದರೆ ಎಳೆತ ತಡೆಯುವುದು ಆ ಕಂಬಿಯೇ. ಇನ್ನೊಂದು ಮಾತು, ಬೀಮಿನ ಸ್ವಂತ ತೂಕವೂ ಏರುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಿ.

ಪ್ರಶ್ನೆ: ಬೀಮಿನ ತುದಿಗಳಲ್ಲಿ ರಿಂಗ್ (ಉದ್ದ ಕಂಬಿಗಳನ್ನು ಸುತ್ತುವ ತೆಳು ಕಂಬಿ) ಹತ್ತಿರ ಹತ್ತಿರ, ನಡುವೆ ದೂರ ದೂರ. ಯಾಕೆ?

ಉತ್ತರ: ಶಿಯರ್, ಅಂದರೆ ಬೀಮನ್ನು ಕತ್ತರಿಸಿದಂತೆ ಜಾರಿಸುವ ಬಲ, ಆಧಾರದ ಹತ್ತಿರವೇ ಜಾಸ್ತಿ. ಅಲ್ಲಿ ಬಿರುಕು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬರುತ್ತದೆ. ಅದಕ್ಕೆ ಅಡ್ಡ ನಿಲ್ಲುವುದು ರಿಂಗ್. ಪಿಲ್ಲರ್‌ನ ರಿಂಗಿಗೆ ಬೇರೆ ಕೆಲಸವೂ ಇದೆ: ಉದ್ದ ಕಂಬಿ ಹೊರಕ್ಕೆ ಬಾಗದಂತೆ, ಒಳಗಿನ ಕಾಂಕ್ರೀಟ್ ಉಬ್ಬದಂತೆ ಹಿಡಿಯುವುದು.

ಪ್ರಶ್ನೆ: ಎಲ್ಲ ಸಾಫ್ಟ್‌ವೇರೇ ಮಾಡುವಾಗ ಈ ಕೈಲೆಕ್ಕ ಯಾಕೆ?

ಉತ್ತರ: 4 ಮೀಟರ್ ಬೀಮ್, ಮೀಟರಿಗೆ 20 ಕಿಲೋನ್ಯೂಟನ್ ಭಾರ, ಎರಡು ತುದಿಗೂ ಸಾದಾ ಆಧಾರ. ಡಬ್ಲ್ಯೂ ಎಲ್ ಸ್ಕ್ವೇರ್ ಬೈ 8 (ಡಬ್ಲ್ಯೂ ಮೀಟರಿನ ಭಾರ, ಎಲ್ ಉದ್ದ) ಹಾಕಿದರೆ ನಡುವಿನ ಬೆಂಡಿಂಗ್ ಮೊಮೆಂಟ್, ಅಂದರೆ ಬೀಮನ್ನು ಬಗ್ಗಿಸುವ ಪರಿಣಾಮ, 40 ಕಿಲೋನ್ಯೂಟನ್ ಮೀಟರ್ ಬಂತು, ಅರ್ಧ ನಿಮಿಷದ ಕೆಲಸ. ಸಾಫ್ಟ್‌ವೇರ್ 400 ಅಂತ ತೋರಿಸಿದರೆ ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿದ್ದಿದೆ. ಅದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ನೀವೇ ಹಿಡಿಯಬೇಕು.