ಮೇ ತಿಂಗಳಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಲ್ಯಾಬ್ರಡಾರ್ ನಾಯಿಯನ್ನು ಕರೆದೊಯ್ಯುವುದು ಹೇಗೆ?

ವರ್ಗಾವಣೆಯಾಗಿದೆ, ನಾಲ್ಕು ವರ್ಷದ ಲ್ಯಾಬ್ರಡಾರ್ ಇದೆ, ರೈಲೋ ಕಾರೋ ಎಂದು ಕೇಳಿದ್ದೀರಿ. ಮೇ ತಿಂಗಳಾದರೆ ಕಾರು. ನಾನೂ ಕಲಬುರಗಿಯವನೇ, ಬೇಸಿಗೆಯಲ್ಲಿ ನಾಯಿಯೊಂದಿಗೆ ಬೆಂಗಳೂರಿನ ಅಕ್ಕನ ಮನೆಗೆ ಹೋಗಿ ಬರುವವನು.

ರೈಲನ್ನು ಏಕೆ ಬೇಡ ಎನ್ನುತ್ತೇನೆಂದರೆ, ನಾಯಿಯನ್ನು ಜೊತೆಯಲ್ಲೇ ಇರಿಸಿಕೊಳ್ಳಲು ಪ್ರಥಮ ದರ್ಜೆ ಎಸಿಯಲ್ಲಿ ಎರಡು ಬರ್ತಿನ ಕೂಪೆ ಅಥವಾ ನಾಲ್ಕು ಬರ್ತಿನ ಕ್ಯಾಬಿನ್ ಪೂರ್ತಿಯಾಗಿ ನಿಮ್ಮದಾಗಿರಬೇಕು. ಅದು ಸಿಕ್ಕಿತೇ ಇಲ್ಲವೇ ಎಂಬುದು ಚಾರ್ಟ್ ಸಿದ್ಧವಾದಾಗಲೇ ತಿಳಿಯುತ್ತದೆ. ಸ್ಲೀಪರ್, 2 ಟೈರ್, 3 ಟೈರ್‌ಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಉಳಿಯುವುದು ಗಾರ್ಡ್ ಬೋಗಿಯ ನಾಯಿಗೂಡು. ಜನವರಿಯಲ್ಲಾದರೆ ಯೋಚಿಸಬಹುದಿತ್ತು, ಮೇ ತಿಂಗಳಲ್ಲಿ ಪ್ಲಾಟ್‌ಫಾರ್ಮಿನ ಬಿಸಿಲಿಗೆ ನಿಂತ ಬೋಗಿಯೊಳಗೆ ನನ್ನ ನಾಯಿಯನ್ನು ನಾನು ಬಿಡಲಾರೆ. ಬಸ್ಸಿನ ಮಾತೇ ಬೇಡ, ಲ್ಯಾಬ್ರಡಾರ್ ಗಾತ್ರಕ್ಕೆ ಅಷ್ಟು ದೂರ ಸೀಟಿನ ಕೆಳಗೆ ಜಾಗವೆಲ್ಲಿದೆ?

ಕಾರಿನ ಪ್ರಯಾಣದಲ್ಲಿ ಎಲ್ಲರೂ ದೂರಕ್ಕೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ನಿಲುಗಡೆಗಳಿಗೆ. ಎಸಿ ನಡೆಯುತ್ತಿರುವ ಕಾರಿನಲ್ಲಿ ನಾಯಿ ಆರಾಮವಾಗಿ ಮಲಗಿರುತ್ತದೆ. ಎಂಜಿನ್ ಆರಿಸಿ, 'ಐದೇ ನಿಮಿಷ' ಎಂದು ಎಲ್ಲರೂ ಢಾಬಾದೊಳಗೆ ಹೋದಾಗ ಅನಾಹುತವಾಗುತ್ತದೆ. ಹೊರಗೆ 32 ಡಿಗ್ರಿ ಇದ್ದಾಗಲೇ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 43ರ ಆಸುಪಾಸು ಮುಟ್ಟುತ್ತದೆ. ನಮ್ಮ ಕಡೆ ಹೊರಗೇ 42 ಇರುತ್ತದೆ, ಒಳಗಿನ ಲೆಕ್ಕ ನೀವೇ ಹಾಕಿ. ಗಾಜನ್ನು ನಾಲ್ಕು ಬೆರಳು ಇಳಿಸಿದರೆ ಏನೂ ಉಪಯೋಗವಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದೊಂದೇ ಅದರ ಮುಖ್ಯ ದಾರಿ. ತೇಕಿ ಒಳಗೆಳೆದುಕೊಳ್ಳುವ ಗಾಳಿಯೇ ಬಿಸಿಯಾಗಿದ್ದರೆ ಅದೂ ಮುಚ್ಚಿತು. ಆದ್ದರಿಂದ ಒಬ್ಬರು ಸದಾ ನಾಯಿಯ ಜೊತೆ ಇರಬೇಕು. ನಮ್ಮ ಮನೆಯಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ: ಕಟಕ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರಿನ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಖಾನಾವಳಿ ಹುಡುಕುವ ಗೋಜಿಲ್ಲ. ಹಿಂಡಿಯನ್ನು ಮಾತ್ರ ನಾಯಿ ಎಷ್ಟೇ ಆಸೆಯಿಂದ ನೋಡಿದರೂ ಕೊಡಬೇಡಿ. ಬೆಳ್ಳುಳ್ಳಿ, ಈರುಳ್ಳಿ ಅದರ ರಕ್ತಕಣಗಳಿಗೆ ವಿಷ.

ಬೆಳಗಿನ ಜಾವ ಮೂರಕ್ಕೆ ಹೊರಡಿ. ಜೇವರ್ಗಿ, ಶಹಾಪುರ, ಸುರಪುರ ದಾಟಿ ತಿಂಥಣಿ ಸೇತುವೆಯ ಹೊತ್ತಿಗೆ ಬೆಳಕಾಗಿರುತ್ತದೆ. ನಾಯಿಯನ್ನು ಇಳಿಸಿ ಓಡಾಡಿಸಲು ಅದೇ ಒಳ್ಳೆಯ ಸಮಯ. ಲಿಂಗಸುಗೂರು, ಸಿಂಧನೂರು, ಬಳ್ಳಾರಿಯ ಕಡೆ ಬಿಸಿಲೇರಿದ ಮೇಲೆ ಡಾಂಬರಿನ ಮೇಲೆ ಇಳಿಸಬೇಡಿ. ನಿಮ್ಮ ಅಂಗೈ ಹಿಂಭಾಗವನ್ನು ಐದಾರು ಸೆಕೆಂಡು ರಸ್ತೆಗೆ ಒತ್ತಿ ಹಿಡಿಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಮರದ ನೆರಳಿನ ಮಣ್ಣು ನೋಡಿ ನಿಲ್ಲಿಸಿ.

ಹಿಂದಿನ ಸೀಟಿನಲ್ಲಿ, ಎದೆಗೆ ಹಾಕುವ ಹಾರ್ನೆಸ್‌ಗೆ ಸೀಟ್ ಬೆಲ್ಟ್ ಜೋಡಿಸಿ ಕೂರಿಸಿ. ಕೊರಳಪಟ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕತ್ತಿಗೆ ಪೆಟ್ಟು. ಕಿಟಕಿಯಿಂದ ತಲೆ ಹೊರಹಾಕಲು ಬಿಡಬೇಡಿ, ಫೋಟೋಕ್ಕೆ ಚೆನ್ನ, ಕಣ್ಣಿಗಲ್ಲ. ಬಾಗಿಲು ತೆರೆಯುವ ಮುನ್ನ ಹಗ್ಗ ಕೈಯಲ್ಲಿರಲಿ. ಹೆದರಿದ ನಾಯಿ ಹೆದ್ದಾರಿಯಲ್ಲಿ ಕ್ಷಣದಲ್ಲಿ ತಪ್ಪಿಸಿಕೊಳ್ಳುತ್ತದೆ. ಕೊರಳಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯ ಬಿಲ್ಲೆ ಇರಲಿ.

ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡುತ್ತಿರಿ. ವಾಂತಿ ಮಾಡುವ ನಾಯಿಯಾದರೆ ಪಶುವೈದ್ಯರಿಂದ ಮಾತ್ರೆ ಬರೆಸಿಕೊಳ್ಳಿ. ಪ್ಯಾರಾಸಿಟಮಾಲ್‌ನಂತಹ ಮನುಷ್ಯರ ಮಾತ್ರೆಗಳನ್ನು ಮುಟ್ಟಬೇಡಿ, ಸುಮ್ಮನೆ ಮಲಗಲಿ ಎಂದು ನಿದ್ರೆಯ ಔಷಧಿಯನ್ನೂ ಕೊಡಬೇಡಿ. ಕಾರಿನ ಅಭ್ಯಾಸವೇ ಇಲ್ಲದಿದ್ದರೆ ಈಗಿನಿಂದಲೇ ಸಂಜೆ ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರದವರೆಗೆ ಕರೆದುಕೊಂಡು ಹೋಗಿ ಬನ್ನಿ.

ಜೊತೆಗೊಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು, ಗಾಬರಿಯಾಗಬೇಡಿ. ಆದರೆ ಬಿಡದೆ ತೇಕುತ್ತಿದೆ, ಜೊಲ್ಲು ಅಂಟಂಟಾಗಿದೆ, ವಸಡು ಕಡುಗೆಂಪಾಗಿದೆ, ತೂರಾಡುತ್ತಿದೆ ಎಂದರೆ ಆಸ್ಪತ್ರೆ ಹುಡುಕುವ ಮೊದಲೇ ನೆರಳಿಗೆ ಎಳೆದು ಮೈಮೇಲೆಲ್ಲ ನೀರು ಸುರಿಯಿರಿ, ಎಸಿ ಗಾಳಿ ಅಥವಾ ಬೀಸಣಿಗೆ ಬಳಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ ವೈದ್ಯರ ಬಳಿಗೆ ಓಡಿ.

ಇನ್ನೊಂದು, ಮನೆ ಸಾಮಾನೆಲ್ಲ ಲಾರಿಗೆ ತುಂಬುವ ಭರದಲ್ಲಿ ಲಸಿಕೆ ಪುಸ್ತಕವೂ ಪೆಟ್ಟಿಗೆ ಸೇರದಂತೆ ನೋಡಿಕೊಳ್ಳಿ. ದಾರಿಯಲ್ಲಿ ವೈದ್ಯರು ಕೇಳುತ್ತಾರೆ, ಬೆಂಗಳೂರಿನಲ್ಲಿ ಪಾಲಿಕೆಯ ಪರವಾನಗಿಗೂ ರೇಬಿಸ್ ಲಸಿಕೆಯ ದಾಖಲೆ ಬೇಕಾಗುತ್ತದೆ.